ಮಕ್ಕಳ ಫಿಜಿಯೋಥೆರಪಿಯತ್ತ ಹೊರಳುವವರಿಗೆ

ಎಂಟು-ಹತ್ತು ವರ್ಷ ಮಂಡಿನೋವು, ಸೊಂಟನೋವು, ಭುಜದ ಹಿಡಿತಗಳಿಗೆ ಚಿಕಿತ್ಸೆ ನೀಡಿ ಕೈ ಪಳಗಿಸಿಕೊಂಡ ಫಿಜಿಯೋಥೆರಪಿಸ್ಟರು ಅದನ್ನು ಬಿಟ್ಟು ಮಕ್ಕಳ ವಿಭಾಗಕ್ಕೆ ಹೋಗುವೆನೆಂದರೆ ಮನೆಯಲ್ಲಿ ಮೊದಲು ಏಳುವ ಪ್ರಶ್ನೆ ಆದಾಯದ್ದು. ನಡೆಯುತ್ತಿರುವ ಕ್ಲಿನಿಕ್ಕನ್ನು ಕೈಬಿಟ್ಟು ಮತ್ತೆ ಕಲಿಯಹೊರಡುವುದು ಜಾಣತನವೇ ಎಂದು ಅತ್ತೆ-ಮಾವಂದಿರು ಕೇಳುವುದು ಸಹಜವೇ. ನಮ್ಮ ಮನೆಗಳ ಹೆಣ್ಣುಮಕ್ಕಳು ಹಲವರು ಈ ವೃತ್ತಿಯಲ್ಲಿರುವುದರಿಂದ ಈ ತಿಂಗಳು ಇದೇ ವಿಷಯವನ್ನು ಎತ್ತಿಕೊಂಡಿದ್ದೇನೆ. ಆದಾಯದ ಮಾತು ಆಮೇಲಿರಲಿ. ಆ ಕೆಲಸವಾದರೂ ಎಂಥದ್ದು ಎಂಬುದನ್ನು ಮೊದಲು ತಿಳಿಯೋಣ.

ಮಕ್ಕಳ ದೇಹವೆಂದರೆ ದೊಡ್ಡವರ ದೇಹದ ಚಿಕ್ಕ ಅಳತೆಯಲ್ಲ. ಜಾರಿಬಿದ್ದು ತೊಡೆಯ ಮೂಳೆ ಮುರಿದುಕೊಂಡ ಹಿರಿಯರಿಗೆ ನಡಿಗೆ ಎಂದರೇನೆಂಬುದು ಗೊತ್ತಿದೆ. ಕಳೆದುಹೋದುದನ್ನು ಅವರಿಗೆ ಮರಳಿ ದೊರಕಿಸಿಕೊಟ್ಟರಾಯಿತು. ಹುಟ್ಟುವ ಹೊತ್ತಿಗೇ ಮಿದುಳಿಗೆ ಪೆಟ್ಟಾಗಿ ಸೆರೆಬ್ರಲ್ ಪಾಲ್ಸಿಗೆ ಗುರಿಯಾದ ಮಗುವಿಗಾದರೋ ನೆನಪಿಸಿಕೊಳ್ಳಲು ಹಿಂದಿನ ನಡಿಗೆಯೇ ಇಲ್ಲ. ಇಲ್ಲಿ ಎಲ್ಲವನ್ನೂ ಮೊದಲ ಸಲ ಕಟ್ಟಬೇಕು. ಇನ್ನೊಂದು ತೊಡಕೂ ಉಂಟು. ಮಿದುಳಿನ ಗಾಯ ಹೆಚ್ಚುವುದಿಲ್ಲ, ಆದರೆ ದೇಹ ಬೆಳೆಯುತ್ತಲೇ ಇರುತ್ತದೆ. ಬಿಗಿದ ಸ್ನಾಯುಗಳು ಮೂಳೆಯಷ್ಟು ವೇಗವಾಗಿ ಉದ್ದವಾಗವು. ಆದುದರಿಂದ ಮೂರನೆಯ ವಯಸ್ಸಿನಲ್ಲಿ ನೆಲ ಮುಟ್ಟುತ್ತಿದ್ದ ಹಿಮ್ಮಡಿ ಏಳನೆಯ ವಯಸ್ಸಿಗೆ ಮೇಲೇಳಬಹುದು. ತೊಡೆಯ ಕೀಲು ಸದ್ದಿಲ್ಲದೆ ತನ್ನ ಗುಳಿಯಿಂದ ಜಾರುತ್ತ ಹೋಗಬಹುದು. ನೋವು ಕಾಣುವವರೆಗೆ ಕಾಯದೆ ನಿಗದಿತ ಕಾಲಕ್ಕೆ ಎಕ್ಸ್‌ರೇ ತೆಗೆಸಲು ಹೇಳುವುದೂ ಈ ಕೆಲಸಕ್ಕೆ ಸೇರಿದ್ದೇ.

ದೊಡ್ಡವರಿಂದ ಕಲಿತದ್ದು ವ್ಯರ್ಥವಾಗುವುದೇ ಎಂದು ಅಳುಕುವವರಿಗೆ ಬರ್ಟಾ ಬೋಬಾತ್ ಅವರ ಉದಾಹರಣೆಯಿದೆ. ಬರ್ಲಿನ್ನಿನಲ್ಲಿ ವ್ಯಾಯಾಮ ವಿದ್ಯೆ ಕಲಿತು, ನಾಜಿಗಳ ಕಾಲದಲ್ಲಿ ಲಂಡನ್ನಿಗೆ ಬಂದು ನೆಲೆಸಿದ ಆಕೆ 1940ರ ದಶಕದಲ್ಲಿ ಲಕ್ವ ಹೊಡೆದಿದ್ದ ಚಿತ್ರಕಾರರೊಬ್ಬರಿಗೆ ಚಿಕಿತ್ಸೆ ನೀಡುತ್ತ, ಅಂಗಗಳ ಭಂಗಿಯನ್ನೂ ಚಲನೆಯನ್ನೂ ಬದಲಿಸಿದರೆ ಬಿಗಿತ ಸಡಿಲುವುದನ್ನು ಗಮನಿಸಿದರು. ಅದೇ ತಿಳಿವಳಿಕೆಯನ್ನು ಸೆರೆಬ್ರಲ್ ಪಾಲ್ಸಿಯ ಮಕ್ಕಳಿಗೂ ಅನ್ವಯಿಸಿ, ವೈದ್ಯರಾಗಿದ್ದ ಪತಿ ಕಾರೆಲ್ ಅವರೊಡನೆ ರೂಪಿಸಿದ ಪದ್ಧತಿ ಜಗತ್ತಿನಾದ್ಯಂತ ಹಬ್ಬಿತು. ಆದರೆ ಆ ಪದ್ಧತಿಯೇ ಕೊನೆಯ ಮಾತಾಗಿ ಉಳಿಯಲಿಲ್ಲ. ಆಸ್ಟ್ರೇಲಿಯದ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ ಈ ಕ್ಷೇತ್ರದ ಚಿಕಿತ್ಸೆಗಳನ್ನೆಲ್ಲ ಒರೆಗೆ ಹಚ್ಚಿದಾಗ, ಚಿಕಿತ್ಸಕರು ಹಿಡಿದು ಆಡಿಸುವುದಕ್ಕಿಂತ, ಮಗು ತನಗೆ ಬೇಕಾದ ಕೆಲಸವೊಂದನ್ನು ತಾನೇ ಮತ್ತೆ ಮತ್ತೆ ಮಾಡಿ ಕಲಿಯುವುದಕ್ಕೆ ಬಲವಾದ ಆಧಾರಗಳು ದೊರೆತವು. ಕೈಚಳಕವನ್ನೇ ಬಂಡವಾಳ ಮಾಡಿಕೊಂಡು ಹೆಸರು ಗಳಿಸಿದವರಿಗೆ ಇದು ಕಹಿಯಾದ ಪಾಠ. ಅನುಭವಿಗಳಾದವರು ಈ ವಿಭಾಗಕ್ಕೆ ಬಂದು ಎಡವುವುದು ಬಹುಮಟ್ಟಿಗೆ ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ತಮ್ಮ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲು ಅವರಿಗೆ ಮನಸ್ಸು ಬಾರದು.

ಹಾಗಾದರೆ ಚಿಕಿತ್ಸೆ ನಡೆಯುವುದೆಲ್ಲಿ? ಮನೆಯಲ್ಲಿ. ವಾರಕ್ಕೆರಡು ಗಂಟೆ ಆಸ್ಪತ್ರೆಯ ಚಾಪೆಯ ಮೇಲೆ ಕಳೆಯುವ ಮಗು ಉಳಿದ ಹೊತ್ತನ್ನೆಲ್ಲ ತಾಯಿ, ಅಜ್ಜಿ, ಅಣ್ಣ-ಅಕ್ಕಂದಿರ ನಡುವೆ ಕಳೆಯುತ್ತದೆ. ಪಡಸಾಲೆಯ ಕಟ್ಟೆಯಂಚನ್ನು ಹಿಡಿಸಿ ನಿಲ್ಲಿಸುವುದು, ಅಜ್ಜಿ ರೊಟ್ಟಿ ಬಡಿಯುವಾಗ ಹಿಟ್ಟಿನ ಉಂಡೆಯೊಂದನ್ನು ಕೊಟ್ಟು ಎರಡೂ ಕೈಗಳಿಂದ ತಟ್ಟಿಸುವುದು, ಅಂಗಿ ತೊಡಿಸುವಾಗ ತೋಳನ್ನು ಮಗುವೇ ತೂರಿಸುವವರೆಗೆ ಕಾಯುವುದು, ಇವೆಲ್ಲವೂ ವ್ಯಾಯಾಮಗಳೇ. ಬರಿಯ ವ್ಯಾಯಾಮವೆಂದರೆ ಅಳುವ ಮಗು ಆಟವೆಂದರೆ ಹತ್ತು ಸಲ ಎದ್ದು ಕೂರುತ್ತದೆ. ಆದ್ದರಿಂದ ಈ ವಿಭಾಗಕ್ಕೆ ಬರುವವರು ಮನೆಯವರಿಗೆ ಕಲಿಸುವ ವಿದ್ಯೆಯನ್ನೂ ಕಲಿಯಬೇಕು. ಮಕ್ಕಳೆಂದರೆ ನನಗೆ ಪ್ರೀತಿ ಎಂಬ ಒಂದೇ ಕಾರಣ ಸಾಲದು. ಪ್ರೀತಿಯುಳ್ಳವರು ಅನೇಕರು ಮಗುವಿನ ಕೆಲಸವನ್ನು ತಾವೇ ಮಾಡಿಬಿಡುತ್ತಾರೆ!

ಇದೆಲ್ಲಕ್ಕಿಂತ ಕಠಿಣವಾದ ಗಳಿಗೆ ಬೇರೊಂದಿದೆ. “ನಮ್ಮ ಕೂಸು ಯಾವಾಗ ನಡೆದೀತವ್ವಾ?” ಎಂದು ತಾಯಿ ಕೇಳುತ್ತಾಳೆ. ಮಂಡಿ ಬದಲಿಸಿಕೊಂಡವರಿಗೆ ಇಂತಿಷ್ಟು ವಾರ ಎಂದು ಹೇಳಿ ಅಭ್ಯಾಸವಾದವರಿಗೆ ಈ ಪ್ರಶ್ನೆಯ ಮುಂದೆ ಮಾತು ತಡವರಿಸುತ್ತದೆ. ಹುಸಿಭರವಸೆಯೂ ಬೇಡ, ಎದೆಗೆಡಿಸುವುದೂ ಬೇಡ. ಕೆನಡಾದ ಮ್ಯಾಕ್‌ಮಾಸ್ಟರ್ ವಿಶ್ವವಿದ್ಯಾಲಯದ ತಂಡವೊಂದು 1997ರಲ್ಲಿ ಇಂಥ ಮಕ್ಕಳ ಚಲನಶಕ್ತಿಯನ್ನು ಐದು ಮಟ್ಟಗಳಾಗಿ ವಿಂಗಡಿಸಿತು. ಮೊದಲನೆಯ ಮಟ್ಟದ ಮಗು ಆಸರೆಯಿಲ್ಲದೆ ನಡೆಯುತ್ತದೆ. ಐದನೆಯದಕ್ಕೆ ತಲೆ ನಿಲ್ಲಿಸುವುದೂ ಕಷ್ಟ. 2002ರಲ್ಲಿ ಅವರೇ 657 ಮಕ್ಕಳ ಬೆಳವಣಿಗೆಯನ್ನು ಆಧರಿಸಿ, ಐದು ವರ್ಷ ತುಂಬುವುದರೊಳಗೆ ಮಗು ತನ್ನ ಚಲನ ಸಾಮರ್ಥ್ಯದ ಸುಮಾರು ಶೇ. 90ರಷ್ಟನ್ನು ಗಳಿಸಿಬಿಡುತ್ತದೆಂದು ತೋರಿಸಿದರು. ಮೊದಲ ವರ್ಷಗಳನ್ನು “ದೊಡ್ಡದಾದ ಮೇಲೆ ಸರಿಹೋದೀತು” ಎನ್ನುತ್ತ ಕಳೆಯಬಾರದೆನ್ನುವುದು ಇದರಿಂದಲೇ. ನಾಲ್ಕು ತಿಂಗಳು ಕಳೆದರೂ ಕುತ್ತಿಗೆ ನಿಲ್ಲದಿದ್ದರೆ, ಮಗು ಒಂದೇ ಕೈಯನ್ನು ಬಳಸುತ್ತಿದ್ದರೆ, ಹಿರಿಯರ ಸಮಾಧಾನಕ್ಕೆ ಕಿವಿಗೊಡದೆ ಮಕ್ಕಳ ವೈದ್ಯರಿಗೆ ತೋರಿಸಬೇಕು.

ಹಿಂದೆ ನಮ್ಮ ನಾಡಿನಲ್ಲಿ ಮಕ್ಕಳ ಕಾಲಿನ ತೊಂದರೆಯೆಂದರೆ ಪೋಲಿಯೋ ಎಂದೇ ತಿಳಿಯುತ್ತಿದ್ದರು. ಬೆಂಗಳೂರಿನಲ್ಲಿ 1959ರಲ್ಲಿ ಅಂಗವಿಕಲರ ಸಂಸ್ಥೆಯನ್ನು ಕಟ್ಟಿದ ಎನ್.ಎಸ್. ಹೇಮಾ ಅವರು ಸ್ವತಃ ಪೋಲಿಯೋಪೀಡಿತರು. ದೇಶದ ಕಡೆಯ ನೈಸರ್ಗಿಕ ಪೋಲಿಯೋ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. ಅದು ಹೋಯಿತು, ಅತ್ತ ಅವಧಿಗೆ ಮುನ್ನ ಹುಟ್ಟಿದ ಕೂಸುಗಳು ಹೆಚ್ಚು ಹೆಚ್ಚಾಗಿ ಬದುಕುಳಿಯುತ್ತಿವೆ, ಅವುಗಳಲ್ಲಿ ಕೆಲವಕ್ಕೆ ದೀರ್ಘಕಾಲದ ನೆರವು ಬೇಕು. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಜಿಲ್ಲಾ ಮಟ್ಟದ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಫಿಜಿಯೋಥೆರಪಿಸ್ಟರ ಹುದ್ದೆಯನ್ನು ಇರಿಸಿದ್ದು ಇದಕ್ಕಾಗಿಯೇ.

ಇನ್ನು ಆದಾಯ. ಸೊಂಟನೋವಿನವರು ಹದಿನೈದು ದಿನ ಬಂದು ಹಣ ಕೊಟ್ಟು ಹೋಗುತ್ತಾರೆ. ಮಗುವಿನ ಮನೆಯವರು ವರ್ಷಗಟ್ಟಲೆ ಬರಬೇಕು. ಅವರಿಗೆ ತಾಳುವಂತೆ ಶುಲ್ಕವಿರಬೇಕು. ಗಳಿಕೆ ನಿಧಾನವೆಂದು ಒಪ್ಪಿಕೊಂಡೇ ಹೆಜ್ಜೆಯಿಡುವುದು ಲೇಸು. ಎರಡು ವರ್ಷದ ಎಂ.ಪಿ.ಟಿ. ಪದವಿಗೆ ಹೋಗಲು ಅನುಕೂಲವಿದ್ದವರು ಮಕ್ಕಳ ವಿಭಾಗವನ್ನೇ ಆರಿಸಿಕೊಳ್ಳಬಹುದು. ಸಂಸಾರದ ಹೊಣೆಯುಳ್ಳವರಿಗೆ ನಾನು ಹೇಳುವುದು ಬೇರೆ: ಸಂಜೆಯ ಕ್ಲಿನಿಕ್ಕನ್ನು ಮುಚ್ಚದಿರಿ, ಒಂದು ವರ್ಷ ಬೆಳಗಿನ ಹೊತ್ತನ್ನು ಅನುಭವಿಗಳಿರುವ ಮಕ್ಕಳ ಕೇಂದ್ರದಲ್ಲಿ ಕಳೆಯಿರಿ. ಆ ವರ್ಷ ಮನೆಯ ಕೂಸನ್ನು ನೋಡಿಕೊಳ್ಳುವ ಭಾರವನ್ನು ಅತ್ತೆಯವರೂ ಪತಿಯೂ ಹಂಚಿಕೊಂಡರೆ ಕೆಲಸ ಅರ್ಧ ಆದಂತೆಯೇ.

ಕೇಂದ್ರಕ್ಕೆ ಬರುವ ಬಡ ತಾಯ್ತಂದೆಯರಿಗೆ ಮೊದಲ ದಿನವೇ ತಿಳಿಸಬೇಕಾದ ಸಂಗತಿಯೊಂದುಂಟು. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಡಿ ‘ನಿರಾಮಯ’ ಎಂಬ ಆರೋಗ್ಯ ವಿಮೆಯಿದೆ. ಸೆರೆಬ್ರಲ್ ಪಾಲ್ಸಿಯುಳ್ಳವರಿಗೆ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಅದರ ರಕ್ಷಣೆ ದೊರೆಯುತ್ತದೆ. ಥೆರಪಿಯ ಖರ್ಚಿನಲ್ಲಿಯೂ ಒಂದು ಪಾಲು ಅದರಲ್ಲಿ ಸೇರಿದೆ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿ ಇಟ್ಟುಕೊಂಡಿರಬೇಕು, ಪ್ರತಿವರ್ಷ ನವೀಕರಿಸಬೇಕು.