ಅಗ್ಗದ ವಜ್ರ ಮತ್ತು ಪರಿಗ್ರಹ ಪರಿಮಾಣ

ಜಗತ್ತಿನ ಬಹುಪಾಲು ವಜ್ರಗಳು ಸಾಣೆ ಕಾಣುವುದು ಗುಜರಾತಿನ ಸೂರತ್ ನಗರದಲ್ಲಿ. ಈ ವ್ಯಾಪಾರವನ್ನು ಮುಂಬಯಿಯಿಂದ ಬೆಲ್ಜಿಯಂನ ಆಂಟ್‌ವರ್ಪ್‌ವರೆಗೆ ಬೆಳೆಸಿದವರಲ್ಲಿ ಪಾಲನಪುರ ಮೂಲದ ಜೈನ ವರ್ತಕರು ಪ್ರಮುಖರು. ಈಗ ಅದೇ ಸೂರತ್‌ನಲ್ಲಿ ವಜ್ರವು ಯಂತ್ರದೊಳಗೂ ಹುಟ್ಟುತ್ತಿದೆ. ತೆಳುವಾದ ವಜ್ರದ ಬಿಲ್ಲೆಯನ್ನು ಬೀಜವಾಗಿಟ್ಟು, ಮೀಥೇನ್ ಅನಿಲದ ಇಂಗಾಲವನ್ನು ಪದರಪದರವಾಗಿ ಕೂರಿಸಿ, ಕೆಲವೇ ವಾರಗಳಲ್ಲಿ ಅದನ್ನು ಬೆಳೆಸಲಾಗುತ್ತದೆ. 2023ರ ಕೇಂದ್ರ ಬಜೆಟ್ ಈ ಬೀಜಗಳ ಮೇಲಿನ ಆಮದು ಸುಂಕವನ್ನೂ ತೆಗೆದುಹಾಕಿತು. ಗಣಿಯ ವಜ್ರವೂ ಇದೂ ಒಂದೇ ಇಂಗಾಲದ ಹರಳು; ಇದರ ಬೆಲೆ ಮಾತ್ರ ಬಹಳ ಕಡಿಮೆ.

ಅಹಿಂಸಾವ್ರತಿಗೆ ಇದು ಸಮಾಧಾನದ ಸುದ್ದಿಯೆನಿಸುವುದು ಸಹಜ. ಜೈನಾಗಮದಲ್ಲಿ ನೆಲವೂ ಪೃಥ್ವೀಕಾಯ ಜೀವಗಳ ನೆಲೆ. ಅದನ್ನು ಅಗೆದು ಸಿಡಿಸುವ ವೃತ್ತಿ ಶ್ರಾವಕನಿಗೆ ವರ್ಜ್ಯ. ಸಿಯೆರಾ ಲಿಯೋನ್‌ನ ಅಂತರ್ಯುದ್ಧದಲ್ಲಿ ವಜ್ರದ ಹಣ ಶಸ್ತ್ರವಾಗಿ ಮಾರ್ಪಟ್ಟದ್ದೂ ಇತಿಹಾಸ. ಆದರೆ ಯಂತ್ರಕ್ಕೆ ಅಪಾರ ವಿದ್ಯುತ್ ಬೇಕು. ಆ ವಿದ್ಯುತ್ತು ಕಲ್ಲಿದ್ದಲಿನಿಂದ ಬಂದರೆ ಗಣಿಗಾರಿಕೆ ಸ್ಥಳ ಬದಲಿಸಿತೇ ಹೊರತು ನಿಲ್ಲಲಿಲ್ಲ.

ಎರಡನೆಯ ಪ್ರಶ್ನೆ ವ್ಯಾಪಾರದ್ದು. ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಅಚೌರ್ಯವ್ರತದ ಅತಿಚಾರಗಳೊಳಗೆ ಪ್ರತಿರೂಪಕ ವ್ಯವಹಾರವನ್ನೂ ಎಣಿಸಿದ್ದಾರೆ. ಎಂದರೆ ಒಂದು ವಸ್ತುವನ್ನು ಮತ್ತೊಂದೆಂದು ನಂಬಿಸಿ ಮಾರುವುದು. ಬರಿಗಣ್ಣಿಗೆ ಭೇದ ತೋರದ ಈ ಸರಕಿನಲ್ಲಿ ವರ್ತಕನ ಮಾತು, ರಸೀತಿಯ ಬರಹಗಳೇ ವ್ರತರಕ್ಷಣೆಯ ಸಾಧನ.

ಮೂರನೆಯದು ಕೊಳ್ಳುವವರನ್ನು ಕುರಿತದ್ದು. ಪರಿಗ್ರಹದ ಮೂಲ ವಸ್ತುವಿನಲ್ಲಿಲ್ಲ, ಅದರ ಮೇಲಣ ಮೂರ್ಛೆಯಲ್ಲಿದೆ ಎಂಬುದು ಅದೇ ಗ್ರಂಥದ ನಿಲುವು. ಆಭರಣದ ಮಿತಿಯನ್ನು ರೂಪಾಯಿಗಳಲ್ಲಿ ಇರಿಸಿಕೊಂಡವರಿಗೆ, ಬೆಲೆಯಿಳಿದಾಗ ಅಷ್ಟೇ ಹಣಕ್ಕೆ ಒಂದು ಉಂಗುರದ ಬದಲು ನಾಲ್ಕು ದೊರೆಯಬಹುದು. ಲೆಕ್ಕದಲ್ಲಿ ವ್ರತ ಉಳಿಯುತ್ತದೆ. ಆಸೆ ಮಾತ್ರ ನಾಲ್ಮಡಿಯಾಗುತ್ತದೆ. ಇತ್ತ, ಸಂಗ್ರಹಿಸಿಟ್ಟ ಗಣಿವಜ್ರದ ಬೆಲೆ ಕುಸಿಯಿತೆಂದು ನಿದ್ದೆಗೆಡುವವರ ಸಂಕಟವೂ ಆ ಮೂರ್ಛೆಯದೇ ಇನ್ನೊಂದು ಮುಖ.

ಆದಕಾರಣ ಪರಿಮಾಣವನ್ನು ಹಣದಲ್ಲಿ ಮಾತ್ರವಲ್ಲದೆ ಎಣಿಕೆಯಲ್ಲೂ ನಿಶ್ಚಯಿಸಿಕೊಳ್ಳುವುದು ಲೇಸು. ಮಗಳ ಮದುವೆಗೆ ಯಂತ್ರದ ವಜ್ರ ಕೊಂಡ ಕುಟುಂಬಕ್ಕೆ ಉಳಿದ ಹಣ ಏನಾಗಬೇಕೆಂಬುದೇ ನಿಜವಾದ ಪರೀಕ್ಷೆ. ಅದು ಇನ್ನೊಂದು ಹರಳಾದರೆ ಲೋಭ ಅಗ್ಗದಲ್ಲಿ ತೃಪ್ತಿಪಟ್ಟಂತೆ. ಬೆಲೆಯ ಏರಿಳಿತದಲ್ಲಿ ಕೂಲಿ ಕಳೆದುಕೊಳ್ಳುವ ಸಾಣೆಯ ಕೆಲಸಗಾರನಂಥವರ ಮಕ್ಕಳ ಓದಿಗೆ ಅದು ಸಂದರೆ, ಅಪರಿಗ್ರಹವು ದಾನವಾಗಿ ಫಲಿಸುತ್ತದೆ.