ಲಿಂಗ ಪರಿವರ್ತನಾ ಶಸ್ತ್ರಚಿಕಿತ್ಸೆ: ತಿಳಿದು ಕೊಡುವ ಒಪ್ಪಿಗೆಯನ್ನೇ ಆಧಾರವಾಗಿಸುವಂತೆ ಕೋರಿ ಮನವಿ ಪತ್ರ

ದಿನಾಂಕ: 15.04.2025
ಸ್ಥಳ: ಬೆಂಗಳೂರು

ಇವರಿಗೆ,
ಸರ್ಕಾರದ ಪ್ರಧಾನ ಕಾರ್ಯದರ್ಶಿಗಳು,
ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಇಲಾಖೆ,
ವಿಕಾಸಸೌಧ, ಬೆಂಗಳೂರು.

ಇವರಿಂದ,
ಬೆಂಗಳೂರು, ರಾಯಚೂರು, ವಿಜಯನಗರ, ಬೆಳಗಾವಿ, ಮೈಸೂರು ಮತ್ತು ದಕ್ಷಿಣ ಕನ್ನಡ ಜಿಲ್ಲೆಗಳ ಟ್ರಾನ್ಸ್ ಮಹಿಳೆಯರು, ಟ್ರಾನ್ಸ್ ಪುರುಷರು, ಜೋಗಪ್ಪಗಳು ಹಾಗೂ ನಮ್ಮ ಜೊತೆ ನಿಂತಿರುವ ವೈದ್ಯರು, ವಕೀಲರು.

ವಿಷಯ: 18 ವರ್ಷ ತುಂಬಿದ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳಿಗೆ ತಿಳಿವಳಿಕೆಯುಕ್ತ ಒಪ್ಪಿಗೆಯ ಆಧಾರದ ಮೇಲೆ ಸರ್ಕಾರಿ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆ ಒದಗಿಸುವುದು ಮತ್ತು ಅದರ ಪರಿಣಾಮಗಳನ್ನು ಮುಂಚಿತವಾಗಿ ತಿಳಿಸುವ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಆಪರೇಷನ್ ಮಾಡಿಸಿಕೊಳ್ಳಬೇಕೆಂದು ಆಸ್ಪತ್ರೆಗೆ ಹೋದ ನಮ್ಮವರಿಗೆ ಎದುರಾಗುವ ಮೊದಲ ಪ್ರಶ್ನೆ, ನೀನು ನಿಜವಾಗಿಯೂ ಹೆಣ್ಣೇ, ನಿಜವಾಗಿಯೂ ಗಂಡೇ ಎಂಬುದು. ಯಾವ ವಯಸ್ಸಿನಲ್ಲಿ ಮೊದಲು ಸೀರೆ ಉಟ್ಟೆ, ಯಾರ ಮೇಲೆ ಮನಸ್ಸಾಗಿತ್ತು, ಮನೆಯವರು ಒಪ್ಪಿದ್ದಾರೆಯೇ ಎಂದು ಕೆದಕುವುದಕ್ಕೆ ಎಷ್ಟು ಹೊತ್ತು ಬೇಕಾದರೂ ಸಿಗುತ್ತದೆ. ವೃಷಣ ತೆಗೆದ ಮೇಲೆ ಮೂಳೆಗಳ ಗತಿಯೇನು, ಮೂತ್ರದ ದಾರಿ ಕಟ್ಟಿಕೊಂಡರೆ ಯಾರ ಬಳಿ ಓಡಬೇಕು, ಮುಂದೆ ಮಗು ಬೇಕೆನಿಸಿದರೆ ಏನು ಎಂಬುದನ್ನು ಹೇಳುವುದಕ್ಕೆ ಮಾತ್ರ ಯಾರಿಗೂ ಪುರುಸೊತ್ತಿಲ್ಲ. ನಾವು ಯಾರೆಂಬುದು ನಮಗೆ ಗೊತ್ತಿದೆ. ಅದನ್ನು ಸಾಬೀತು ಮಾಡಿ ತೋರಿಸುವ ಪರೀಕ್ಷೆ ನಿಲ್ಲಲಿ. ನಮ್ಮ ದೇಹಕ್ಕೆ ಆಗಲಿರುವುದೇನು ಎಂಬುದು ನಮಗೆ ತಿಳಿಯಲಿ, ತಿಳಿದ ಮೇಲೆ ನಾವು ಹೇಳುವ ಹೂಂ ಅಥವಾ ಉಹೂಂ ಎಂಬ ಮಾತೇ ಅಂತಿಮವಾಗಲಿ. ಈ ಮನವಿಯ ತಿರುಳು ಇಷ್ಟೇ.

ಇದು ಕಾನೂನಿಗೆ ಹೊರತಾದ ಬೇಡಿಕೆಯಲ್ಲ. ಹನ್ನೊಂದು ವರ್ಷಗಳ ಹಿಂದೆ ಇದೇ ದಿನ, 2014ರ ಏಪ್ರಿಲ್ 15ರಂದು, ಸುಪ್ರೀಂ ಕೋರ್ಟ್ ನಾಲ್ಸಾ (ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರ) ತೀರ್ಪಿನಲ್ಲಿ ನಮ್ಮ ಲಿಂಗತ್ವವನ್ನು ನಾವೇ ನಿರ್ಧರಿಸುವ ಹಕ್ಕು ನಮ್ಮದೆಂದು ಹೇಳಿತು. ಅದಕ್ಕಾಗಿ ಶಸ್ತ್ರಚಿಕಿತ್ಸೆಗೆ ಪಟ್ಟುಹಿಡಿಯುವುದು ಅನೈತಿಕ, ಕಾನೂನುಬಾಹಿರ ಎಂದೂ ಹೇಳಿತು. 2020ರ ಜನವರಿ 10ರಿಂದ ಜಾರಿಯಲ್ಲಿರುವ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ (ಹಕ್ಕುಗಳ ರಕ್ಷಣೆ) ಕಾಯ್ದೆ, 2019ರ 15ನೇ ಕಲಮು ಶಸ್ತ್ರಚಿಕಿತ್ಸೆ, ಹಾರ್ಮೋನ್ ಚಿಕಿತ್ಸೆ, ಅವುಗಳ ಹಿಂದು ಮುಂದಿನ ಆಪ್ತಸಮಾಲೋಚನೆ ಮತ್ತು ವಿಮೆಯ ಹೊಣೆಯನ್ನು ಸರ್ಕಾರದ ಮೇಲಿಟ್ಟಿದೆ. ಒಪ್ಪಿಗೆ ಎಂದರೇನು ಎಂಬುದನ್ನು ಸುಪ್ರೀಂ ಕೋರ್ಟ್ ಅದಕ್ಕೂ ಮೊದಲೇ, 2008ರ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಬಿಡಿಸಿ ಹೇಳಿದೆ. ಚಿಕಿತ್ಸೆಯ ಸ್ವರೂಪ, ಉದ್ದೇಶ, ಬದಲಿ ಮಾರ್ಗಗಳು, ಅಪಾಯಗಳು ಇವಿಷ್ಟನ್ನೂ ರೋಗಿಗೆ ತಿಳಿಸಬೇಕು. ಒಂದು ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯನ್ನು ಇನ್ನೊಂದಕ್ಕೆ ಎಳೆಯುವಂತಿಲ್ಲ. ಆ ಪ್ರಕರಣದ ಅರ್ಜಿದಾರೆ ಟ್ರಾನ್ಸ್‌ಜೆಂಡರ್ ಅಲ್ಲ, ಗರ್ಭಕೋಶ ಕಳೆದುಕೊಂಡ ಒಬ್ಬ ಮಹಿಳೆ. ಎಲ್ಲ ರೋಗಿಗಳಿಗೂ ಅನ್ವಯಿಸುವ ಈ ನಿಯಮ ನಮಗೂ ಅನ್ವಯಿಸಲಿ ಎಂದಷ್ಟೇ ಕೇಳುತ್ತಿದ್ದೇವೆ.

ಈಗಿನ ರೂಢಿಯಲ್ಲಿ ಮನೋವೈದ್ಯರ ಪತ್ರವೇ ಹೆಬ್ಬಾಗಿಲು. ಜನನಾಂಗದ ಶಸ್ತ್ರಚಿಕಿತ್ಸೆಗೆ ಎರಡೆರಡು ಪತ್ರ ಕೇಳುತ್ತಾರೆ. ಲಿಂಗಸೂಗೂರಿನ ಹುಡುಗಿಯೊಬ್ಬಳು ಒಂದು ಪತ್ರಕ್ಕಾಗಿ ದಿನದ ಗಳಿಕೆ ಬಿಟ್ಟು ರಾತ್ರಿ ಬಸ್ಸು ಹತ್ತಿ ಬೆಂಗಳೂರಿಗೆ ಬರಬೇಕು, ಮತ್ತೆ ಬರಬೇಕು. ಎರಡು ಪತ್ರಗಳ ಈ ಪದ್ಧತಿ ಬಂದದ್ದು ಟ್ರಾನ್ಸ್‌ಜೆಂಡರ್ ಆರೋಗ್ಯದ ಅಂತರರಾಷ್ಟ್ರೀಯ ವೃತ್ತಿಪರ ಸಂಸ್ಥೆಯಾದ ಡಬ್ಲ್ಯುಪಾತ್‌ನ ಹಳೆಯ ಮಾರ್ಗಸೂಚಿಯಿಂದ. 2022ರಲ್ಲಿ ಬಂದ ಅದರ 8ನೇ ಆವೃತ್ತಿ, ನುರಿತ ಒಬ್ಬ ಆರೋಗ್ಯ ತಜ್ಞರ ಮೌಲ್ಯಮಾಪನ ಸಾಕು ಎಂದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-11 ಪಟ್ಟಿ ನಮ್ಮ ಸ್ಥಿತಿಯನ್ನು ಮಾನಸಿಕ ಕಾಯಿಲೆಗಳ ಅಧ್ಯಾಯದಿಂದಲೇ ಹೊರತೆಗೆದು ಲೈಂಗಿಕ ಆರೋಗ್ಯದ ಅಧ್ಯಾಯದಲ್ಲಿ ಇರಿಸಿದೆ. 2022ರ ಜನವರಿ 1ರಿಂದ ಅದು ಜಾರಿಯಲ್ಲಿದೆ. ನಾವು ಕೇಳುತ್ತಿರುವುದು ಡಬ್ಲ್ಯುಪಾತ್‌ಗಿಂತ ಒಂದು ಹೆಜ್ಜೆ ಮುಂದಿನದು ಎಂಬುದನ್ನು ಮುಚ್ಚಿಡುವುದಿಲ್ಲ. ಆದರೆ ಆ ಹೆಜ್ಜೆಯನ್ನು ಅರ್ಜೆಂಟೀನಾ 2012ರಲ್ಲೇ ಇಟ್ಟಿದೆ. ಅಲ್ಲಿನ ಕಾನೂನಿನ ಪ್ರಕಾರ 18 ದಾಟಿದವರಿಗೆ ಹಾರ್ಮೋನಿಗಾಗಲೀ ಶಸ್ತ್ರಚಿಕಿತ್ಸೆಗಾಗಲೀ ನ್ಯಾಯಾಲಯದ ಅಥವಾ ಅಧಿಕಾರಿಗಳ ಅನುಮತಿ ಬೇಕಿಲ್ಲ. ತಿಳಿದು ಕೊಟ್ಟ ಒಪ್ಪಿಗೆ ಸಾಕು, ಖರ್ಚು ಆರೋಗ್ಯ ವ್ಯವಸ್ಥೆಯದು.

ಮನೋವೈದ್ಯರೇ ಬೇಡ ಎನ್ನುತ್ತಿಲ್ಲ. ಮನೆಯಿಂದ ಹೊರಹಾಕಿಸಿಕೊಂಡು, ಪೊಲೀಸರ ಪೆಟ್ಟು ತಿಂದು ಬೆಳೆದವರಿಗೆ ಮನಸ್ಸಿನ ಆರೈಕೆ ಇತರರಿಗಿಂತ ಹೆಚ್ಚೇ ಬೇಕು. ಆದರೆ ಪತ್ರಕ್ಕಾಗಿ ಹೋದವರು ಯಾರೂ ಬಾಯಿ ಬಿಡುವುದಿಲ್ಲ. ಖಿನ್ನತೆ ಇದೆ, ಕುಡಿತವಿದೆ, ಮನಸ್ಸು ಹೊಯ್ದಾಡುತ್ತಿದೆ ಎಂದು ಹೇಳಿದರೆ ಪತ್ರ ತಪ್ಪೀತು ಎಂಬ ಹೆದರಿಕೆಯಿಂದ, ಹಿಂದೆ ಹೋಗಿ ಬಂದ ಅಕ್ಕಂದಿರು ಹೇಳಿಕೊಟ್ಟ ಕಥೆಯನ್ನೇ ಒಪ್ಪಿಸಿ ಬರುತ್ತಾರೆ. ಹೀಗೆ ಕಾವಲಿಗೆ ಕೂತವರ ಮುಂದೆ ಅನುಮಾನಗಳು ಬಚ್ಚಿಟ್ಟುಕೊಳ್ಳುತ್ತವೆ, ಆಪ್ತಸಮಾಲೋಚನೆ ಬರೀ ನಾಟಕವಾಗುತ್ತದೆ.

ಇನ್ನು ಪರಿಣಾಮಗಳ ಮಾತು. ನಮ್ಮ ಪರವಾಗಿ ಮಾತನಾಡುವವರು ಇದನ್ನು ಹಾರಿಸಿಬಿಡುವುದುಂಟು; ನಾವು ಹಾರಿಸುವುದಿಲ್ಲ. ವೃಷಣ ಅಥವಾ ಅಂಡಾಶಯ ತೆಗೆದ ಮೇಲೆ ದೇಹ ತಾನಾಗಿ ಹಾರ್ಮೋನು ತಯಾರಿಸುವುದು ಬಹುಪಾಲು ನಿಂತುಹೋಗುತ್ತದೆ. ಹೊರಗಿನಿಂದ ಹಾರ್ಮೋನು ಸಿಗದಿದ್ದರೆ ಮೂಳೆ ಟೊಳ್ಳಾಗುತ್ತದೆ. ಆದ್ದರಿಂದ ಆಪರೇಷನ್ ಎಂದರೆ ಒಂದು ದಿನದ ಕೆಲಸವಲ್ಲ, ಉಳಿದ ಆಯುಷ್ಯವಿಡೀ ಔಷಧ ಮತ್ತು ರಕ್ತಪರೀಕ್ಷೆ. ಈಸ್ಟ್ರೋಜನ್‌ನಿಂದ ರಕ್ತನಾಳದಲ್ಲಿ ಹೆಪ್ಪುಗಟ್ಟುವ ಅಪಾಯವಿದೆ, ಟೆಸ್ಟೋಸ್ಟಿರಾನ್‌ನಿಂದ ರಕ್ತ ದಪ್ಪವಾಗುವ ಅಪಾಯವಿದೆ. ಯೋನಿ ರಚನೆ ಮಾಡಿಸಿಕೊಂಡವರು ಮೊದಲ ತಿಂಗಳುಗಳಲ್ಲಿ ದಿನಕ್ಕೆ ಹಲವು ಬಾರಿ, ಆಮೇಲೆ ಕಡಿಮೆಯಾದರೂ ವರ್ಷಗಟ್ಟಲೆ, ಡೈಲೇಟರ್ ಬಳಸಬೇಕು. ಇಲ್ಲದಿದ್ದರೆ ಮಾರ್ಗ ಕಿರಿದಾಗುತ್ತದೆ. ಏಳೆಂಟು ಮಂದಿ ಒಂದೇ ಕೋಣೆಯಲ್ಲಿ ಮಲಗುವ, ವಠಾರಕ್ಕೊಂದೇ ಕಕ್ಕಸು ಇರುವ, ನಮ್ಮವರು ಒಟ್ಟಾಗಿ ವಾಸಿಸುವ ಹಮಾಮಿನಲ್ಲಿ ಇದು ಸಾಧ್ಯವೇ ಎಂದು ಒಬ್ಬ ಸರ್ಜನ್ ಆದರೂ ಕೇಳಿದ್ದಾರೆಯೇ? ಕೇಳಿದ್ದರೆ, ವೃಷಣ ತೆಗೆಸುವುದಷ್ಟೇ ಸಾಕು, ಅಥವಾ ಆಳವಿಲ್ಲದ ಹೊರರಚನೆ ಸಾಕು ಎಂಬ ಬದಲಿ ದಾರಿಗಳನ್ನು ಕೆಲವರಾದರೂ ಆರಿಸಿಕೊಳ್ಳುತ್ತಿದ್ದರು. ಟ್ರಾನ್ಸ್ ಪುರುಷರ ಎದೆಯ ಶಸ್ತ್ರಚಿಕಿತ್ಸೆಯಲ್ಲಿ ಕಲೆ ಉಳಿಯುತ್ತದೆ, ಸ್ಪರ್ಶದ ಅರಿವು ಕುಂದಬಹುದು. ಶಿಶ್ನ ರಚನೆ ಹಲವು ಹಂತಗಳಲ್ಲಿ ನಡೆಯುತ್ತದೆ. ಮೂತ್ರನಾಳ ಸೋರುವುದು, ಕಟ್ಟಿಕೊಳ್ಳುವುದು ಅದರಲ್ಲಿ ಅಪರೂಪವೇನಲ್ಲ.

ಮಾಡಿಸಿಕೊಂಡವರು ಪಶ್ಚಾತ್ತಾಪ ಪಡುವುದಿಲ್ಲವೇ ಎಂದು ಅಧಿಕಾರಿಗಳು ನಮ್ಮನ್ನು ಕೇಳುತ್ತಾರೆ. 2021ರಲ್ಲಿ ಪ್ರಕಟವಾದ ಒಂದು ವಿಮರ್ಶೆ 27 ಅಧ್ಯಯನಗಳ 7,928 ಮಂದಿಯ ಮಾಹಿತಿಯನ್ನು ಒಟ್ಟುಗೂಡಿಸಿ, ಪಶ್ಚಾತ್ತಾಪ ಪಟ್ಟವರು ಶೇ. 1ರ ಆಸುಪಾಸು ಎಂದಿತು. ಈ ಅಂಕಿಯನ್ನು ಬಾವುಟದಂತೆ ಬೀಸಲು ನಮಗೆ ಇಷ್ಟವಿಲ್ಲ. ಅಧ್ಯಯನಗಳ ಗುಣಮಟ್ಟ ಒಂದೇ ಸಮನಿಲ್ಲ, ಎಷ್ಟೋ ಮಂದಿ ಮತ್ತೆ ಆಸ್ಪತ್ರೆಯ ಕಣ್ಣಿಗೇ ಬಿದ್ದಿರುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. 1973ರಿಂದ 2003ರ ನಡುವೆ ಲಿಂಗ ಪರಿವರ್ತನೆ ಮಾಡಿಸಿಕೊಂಡ 324 ಮಂದಿಯನ್ನು ಗಮನಿಸಿದ ಸ್ವೀಡನ್ನಿನ 2011ರ ಅಧ್ಯಯನ, ಅವರಲ್ಲಿ ಸಾವು ಮತ್ತು ಆತ್ಮಹತ್ಯಾ ಪ್ರಯತ್ನಗಳು ಸಾಮಾನ್ಯ ಜನರಿಗಿಂತ ಹೆಚ್ಚೆಂದು ಕಂಡಿತು. ಶಸ್ತ್ರಚಿಕಿತ್ಸೆಯೇ ಇದಕ್ಕೆ ಕಾರಣ ಎಂದು ಅದು ಹೇಳಲಿಲ್ಲ. ಸಂಕಟ ತಗ್ಗಿದರೂ ಅಷ್ಟಕ್ಕೇ ಎಲ್ಲ ಮುಗಿಯದು, ನಂತರದ ಆರೈಕೆ ಮುಂದುವರಿಯಬೇಕು ಎಂದಿತು. ಆಪರೇಷನ್ ಆದರೆ ಬದುಕೇ ಸರಿಹೋಗುತ್ತದೆ ಎಂದು ನಂಬಿ ಹೊರಟ ನಮ್ಮ ಕಿರಿಯರಿಗೆ ಈ ಎರಡೂ ಮಾತುಗಳನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ಆಸ್ಪತ್ರೆಯ ಬಾಗಿಲು ಮುಚ್ಚಿದರೆ ಆಪರೇಷನ್‌ಗಳು ನಿಲ್ಲುವುದಿಲ್ಲ. ದಾಯಿ ಅಮ್ಮನ ಕೈಯಲ್ಲಿ ನಿರ್ವಾಣ, ಅಂದರೆ ಜನನಾಂಗ ತೆಗೆಸುವುದನ್ನು, ಮಾಡಿಸಿಕೊಳ್ಳುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಈಗ ಅದರ ಜಾಗಕ್ಕೆ ಬೋರ್ಡಿಲ್ಲದ ಕ್ಲಿನಿಕ್ಕುಗಳು ಬಂದಿವೆ. 2023ರ ಫೆಬ್ರವರಿಯಲ್ಲಿ ನೆರೆಯ ಆಂಧ್ರದ ನೆಲ್ಲೂರಿನ ಲಾಡ್ಜ್ ಒಂದರಲ್ಲಿ ಫಾರ್ಮಸಿ ವಿದ್ಯಾರ್ಥಿಗಳು ಕತ್ತರಿ ಹಿಡಿದು, ಒಂದು ಜೀವ ಹೋಯಿತು. ದೊಡ್ಡ ಆಸ್ಪತ್ರೆಯಾದ ಮಾತ್ರಕ್ಕೆ ಭಯವಿಲ್ಲ ಎನ್ನುವಂತೆಯೂ ಇಲ್ಲ. 2021ರ ಜುಲೈಯಲ್ಲಿ ಕೊಚ್ಚಿಯಲ್ಲಿ ತೀರಿಕೊಂಡ ಟ್ರಾನ್ಸ್ ಮಹಿಳೆ ಅನನ್ಯಾ ಕುಮಾರಿ ಅಲೆಕ್ಸ್, ಶಸ್ತ್ರಚಿಕಿತ್ಸೆಯಾಗಿ ವರ್ಷ ಕಳೆದರೂ ನೋವು ಬಿಟ್ಟಿಲ್ಲವೆಂದು ಬಹಿರಂಗವಾಗಿಯೇ ಹೇಳಿಕೊಂಡಿದ್ದರು.

ಒಪ್ಪಿಗೆ ಸ್ವತಂತ್ರವಾಗಿಯೂ ಇರಬೇಕು. ಇಲ್ಲಿ ಎರಡು ಒತ್ತಡಗಳನ್ನು ತಮ್ಮ ಗಮನಕ್ಕೆ ತರುತ್ತೇವೆ. ಒಂದು, ಸರ್ಕಾರದ್ದು. 2019ರ ಕಾಯ್ದೆಯ 7ನೇ ಕಲಮಿನ ಪ್ರಕಾರ ಗಂಡು ಅಥವಾ ಹೆಣ್ಣು ಎಂಬ ಪ್ರಮಾಣಪತ್ರ ಬೇಕೆಂದರೆ ಶಸ್ತ್ರಚಿಕಿತ್ಸೆಯ ದಾಖಲೆ ಕೊಡಬೇಕು. ಅದರಡಿಯ 2020ರ ನಿಯಮಗಳಲ್ಲಿ ವೈದ್ಯಕೀಯ ಮಧ್ಯಪ್ರವೇಶ ಎಂಬುದಕ್ಕೆ ಆಪ್ತಸಮಾಲೋಚನೆ, ಹಾರ್ಮೋನ್ ಚಿಕಿತ್ಸೆಯೂ ಸೇರುತ್ತವೆ ಎಂದಿದ್ದರೂ, ಕಚೇರಿಯ ಮೇಜಿನಲ್ಲಿ ಕೇಳುವುದು ಆಪರೇಷನ್ ಚೀಟಿಯನ್ನೇ. ಕಾಗದಕ್ಕಾಗಿ ಮೈ ಕೊಯ್ಸಿಕೊಳ್ಳುವ ಒಪ್ಪಿಗೆ ಒಪ್ಪಿಗೆಯಲ್ಲ. ಇನ್ನೊಂದು ನಮ್ಮೊಳಗಿನದು, ಹೇಳಲು ಸಂಕೋಚವಾದರೂ ಹೇಳಲೇಬೇಕು. ನಮ್ಮ ಗುರು-ಚೇಲಾ ಕೂಟಗಳಾದ ಕೆಲವು ಜಮಾತುಗಳಲ್ಲಿ ನಿರ್ವಾಣವಾದವರಿಗೆ ಸಿಗುವ ಮರ್ಯಾದೆ ಉಳಿದವರಿಗಿಲ್ಲ. ಗುರು ಸಾಲ ಮಾಡಿ ಚೇಲಾಳ ಆಪರೇಷನ್ ಮಾಡಿಸುತ್ತಾರೆ, ಚೇಲಾ ಅದನ್ನು ಬಸ್ತಿ, ಅಂದರೆ ಭಿಕ್ಷೆ, ಬೇಡಿ ವರ್ಷಗಟ್ಟಲೆ ತೀರಿಸುತ್ತಾಳೆ. ಉಚಿತ ಸರ್ಕಾರಿ ಚಿಕಿತ್ಸೆ ಈ ಸಾಲದ ಸರಪಳಿಯನ್ನು ಕಡಿಯಬಲ್ಲದು.

ವೈದ್ಯರ ಅಳುಕು ನಮಗೆ ಅರ್ಥವಾಗುತ್ತದೆ. ಪುರುಷತ್ವ ಹರಣ ಎಂಬುದು ಭಾರತೀಯ ದಂಡ ಸಂಹಿತೆಯ 320ನೇ ಕಲಮಿನಲ್ಲಿ ತೀವ್ರ ಗಾಯಗಳ ಪಟ್ಟಿಯ ಮೊದಲ ಬಾಬ್ತಾಗಿತ್ತು. ಈಗ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮಿನಲ್ಲಿಯೂ ಹಾಗೆಯೇ ಇದೆ. ಆದರೆ ವ್ಯಕ್ತಿಯ ಹಿತಕ್ಕಾಗಿ, ಆತನ ಅಥವಾ ಆಕೆಯ ಒಪ್ಪಿಗೆಯಿಂದ, ಸದ್ಭಾವದಿಂದ ಮಾಡಿದ ಕೃತ್ಯ ಅಪರಾಧವಲ್ಲ ಎಂಬ 26ನೇ ಕಲಮು ಅದೇ ಸಂಹಿತೆಯಲ್ಲಿದೆ. ಇಲಾಖೆ ಇದನ್ನು ಒಂದು ಸುತ್ತೋಲೆಯಲ್ಲಿ ಸ್ಪಷ್ಟಪಡಿಸಿದರೆ, ಅಪ್ಪ ಅಮ್ಮನ ಸಹಿ ತಂದುಕೊಡಿ ಎಂದು ಮೂವತ್ತು ವರ್ಷದವರನ್ನು ಕೇಳುವ ಪರಿಪಾಠಕ್ಕೆ ನೆಪ ಉಳಿಯುವುದಿಲ್ಲ.

ಆದ್ದರಿಂದ ನಮ್ಮ ಬೇಡಿಕೆಗಳು:

1. 18 ವರ್ಷ ತುಂಬಿದವರಿಗೆ ತಿಳಿವಳಿಕೆಯುಕ್ತ ಒಪ್ಪಿಗೆಯೇ ಶಸ್ತ್ರಚಿಕಿತ್ಸೆಗೆ ಆಧಾರ ಎಂದು ಆದೇಶಿಸಬೇಕು. ಮನೋವೈದ್ಯರ ಪತ್ರ ಕಡ್ಡಾಯವಾಗಬಾರದು. ಒಪ್ಪಿಗೆ ಕೊಡುವ ಸಾಮರ್ಥ್ಯದ ಬಗ್ಗೆ ವೈದ್ಯರಿಗೆ ನಿಜವಾದ ಸಂಶಯ ಬಂದರೆ ಕಾರಣವನ್ನು ಬರೆದುಕೊಟ್ಟು, ನಿಗದಿತ ಅವಧಿಯೊಳಗೆ ಮೌಲ್ಯಮಾಪನ ಮುಗಿಸಬೇಕು. ಹೆತ್ತವರ, ಸಂಗಾತಿಯ ಅಥವಾ ಗುರುವಿನ ಸಹಿ ಕೇಳಬಾರದು. ಆಸ್ಪತ್ರೆಯಲ್ಲಿ ಜೊತೆಗಿರುವವರು ಯಾರೆಂಬುದು ನಮ್ಮ ಆಯ್ಕೆಯಾಗಿರಲಿ.

2. ಒಪ್ಪಿಗೆ ಪತ್ರ ಕನ್ನಡದಲ್ಲಿರಬೇಕು. ಉರ್ದು, ತೆಲುಗು, ತಮಿಳು, ಮರಾಠಿಯಲ್ಲೂ ಸಿಗಬೇಕು. ಒಂದೊಂದು ಶಸ್ತ್ರಚಿಕಿತ್ಸೆಗೂ ಬೇರೆ ಬೇರೆ ಪತ್ರವಿರಲಿ. ಏನು ತೆಗೆಯುತ್ತಾರೆ, ಯಾವುದು ಮತ್ತೆ ಬಾರದು, ಬದಲಿ ದಾರಿ ಯಾವುದು, ಸಂತಾನ ಬಯಸುವವರು ಮೊದಲೇ ಏನು ಮಾಡಬಹುದು, ಎಷ್ಟು ದಿನ ದುಡಿಯಲಾಗದು, ಆ ಸರ್ಜನ್ ಈವರೆಗೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡಿದ್ದಾರೆ ಎಂಬುದೆಲ್ಲ ಅದರಲ್ಲಿರಬೇಕು. ಅಡ್ಮಿಟ್ ಆಗುವುದಕ್ಕೆ ಕನಿಷ್ಠ ಎರಡು ವಾರ ಮೊದಲೇ ಕೈಗೆ ಕೊಟ್ಟು, ಓದಲು ಬಾರದವರಿಗೆ ಓದಿ ಹೇಳಬೇಕು. ಹಸಿರು ಗೌನು ತೊಡಿಸಿದ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವುದು ನಿಲ್ಲಬೇಕು. ಕೊನೆಯ ಗಳಿಗೆಯಲ್ಲಿ ಬೇಡವೆಂದವರಿಗೆ ಮುಂದೆ ಚಿಕಿತ್ಸೆ ನಿರಾಕರಿಸುವಂತಿಲ್ಲ.

3. ಬೆಂಗಳೂರು, ಮೈಸೂರು, ಹುಬ್ಬಳ್ಳಿ ಮತ್ತು ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜನ್, ಮೂತ್ರಶಾಸ್ತ್ರಜ್ಞ, ಸ್ತ್ರೀರೋಗ ತಜ್ಞ, ಹಾರ್ಮೋನ್ ತಜ್ಞ, ಆಪ್ತಸಮಾಲೋಚಕರ ತಂಡ ರಚಿಸಬೇಕು. ಸಮುದಾಯದವರನ್ನೂ ಸಂಬಳ ಕೊಟ್ಟು ನೇಮಿಸಬೇಕು. ತಮಿಳುನಾಡು ಸರ್ಕಾರಿ ಆಸ್ಪತ್ರೆಗಳಲ್ಲಿ ಈ ಚಿಕಿತ್ಸೆಯನ್ನು ಉಚಿತವಾಗಿ ನೀಡುತ್ತ ಬಂದಿದೆ, ಕೇರಳ ಖರ್ಚಿಗೆ ನೆರವು ಕೊಡುತ್ತದೆ. 2021ರಲ್ಲಿ ಸರ್ಕಾರಿ ನೌಕರಿಯಲ್ಲಿ ನಮಗೆ ಶೇ. 1ರಷ್ಟು ಮೀಸಲಾತಿ ಕೊಟ್ಟು ದೇಶಕ್ಕೆ ದಾರಿ ತೋರಿದ ರಾಜ್ಯ ಇದರಲ್ಲಿ ಹಿಂದೆ ಬೀಳಬಾರದು.

4. ಹಾರ್ಮೋನು ಮತ್ತು ರಕ್ತಪರೀಕ್ಷೆ ಎಲ್ಲ ಜಿಲ್ಲಾಸ್ಪತ್ರೆಗಳಲ್ಲಿ ಉಚಿತವಾಗಿ ಸಿಗಬೇಕು.

5. 2022ರ ಆಗಸ್ಟ್‌ನಲ್ಲಿ ಕೇಂದ್ರ ಘೋಷಿಸಿದ ಆಯುಷ್ಮಾನ್ ಭಾರತ್ ಟಿಜಿ ಪ್ಲಸ್ ಅಡಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ರಕ್ಷಣೆ ಇದೆ. ಅದನ್ನು ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಮೂಲಕ ರಾಜ್ಯದಲ್ಲಿ ಪೂರ್ಣವಾಗಿ ಜಾರಿ ಮಾಡಬೇಕು. ತೊಡಕುಗಳ ಚಿಕಿತ್ಸೆ ಮತ್ತು ಮರುಶಸ್ತ್ರಚಿಕಿತ್ಸೆಯನ್ನೂ ಪ್ಯಾಕೇಜಿಗೆ ಸೇರಿಸಬೇಕು. ಕುಟುಂಬದ ಪಡಿತರ ಚೀಟಿ ಕೇಳಬಾರದು. ಮನೆ ಬಿಟ್ಟವರ ಹೆಸರು ಆ ಚೀಟಿಯಲ್ಲಿ ಉಳಿದಿರುವುದಿಲ್ಲ. ವಿಶ್ರಾಂತಿಯ ಅವಧಿಗೆ ಜೀವನ ಭತ್ಯೆ ಮತ್ತು ಪ್ರತ್ಯೇಕ ಶೌಚಾಲಯವಿರುವ ತಂಗುದಾಣ ಒದಗಿಸಬೇಕು.

6. ಮುಂದಿನ ಹತ್ತು ವರ್ಷಗಳ ಪರಿಣಾಮವನ್ನು ದಾಖಲಿಸುವ ರಿಜಿಸ್ಟ್ರಿಯನ್ನು ಹೆಸರು ಗುಟ್ಟಾಗಿಟ್ಟು ಆರಂಭಿಸಬೇಕು. ಪಶ್ಚಾತ್ತಾಪ ಪಟ್ಟವರ, ಹಿಂದಿನ ಲಿಂಗತ್ವಕ್ಕೆ ಮರಳಿದವರ ಮಾತೂ ಅದರಲ್ಲಿ ಸೇರಲಿ. ಅವರಿಗೂ ಇದೇ ಕೇಂದ್ರಗಳಲ್ಲಿ ಮರ್ಯಾದೆಯ ಆರೈಕೆ ಸಿಗಲಿ. ಸ್ವೀಡನ್ನಿನ ಅಂಕಿ ನೋಡಿ ರಾಯಚೂರಿನವರು ನಿರ್ಧಾರ ಮಾಡಬೇಕಾದ ಸ್ಥಿತಿ ಇನ್ನೆಷ್ಟು ಕಾಲ?

7. ಖಾಸಗಿ ಆಸ್ಪತ್ರೆಗಳ ವಿರುದ್ಧದ ದೂರುಗಳನ್ನು ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿಯ ಜಿಲ್ಲಾ ಪ್ರಾಧಿಕಾರಗಳು ಕಾಲಮಿತಿಯಲ್ಲಿ ವಿಚಾರಿಸಬೇಕು. ವೈದ್ಯಕೀಯ ದಾಖಲೆಗಳ ಪ್ರತಿಯನ್ನು ಡಿಸ್ಚಾರ್ಜ್ ದಿನವೇ ಕೊಡಿಸಬೇಕು.

8. ಗುರುತಿನ ಪ್ರಮಾಣಪತ್ರಕ್ಕೆ ಶಸ್ತ್ರಚಿಕಿತ್ಸೆಯ ದಾಖಲೆಯನ್ನೇ ಕೇಳದಂತೆ, 2020ರ ನಿಯಮಗಳ ವಿಶಾಲ ಅರ್ಥವನ್ನು ಪಾಲಿಸುವಂತೆ ಜಿಲ್ಲಾಧಿಕಾರಿಗಳಿಗೆ ಸೂಚಿಸಬೇಕು.

9. ಅಂತರಲಿಂಗಿ ಶಿಶುಗಳ ಮೇಲೆ, ಪ್ರಾಣಾಪಾಯವಿಲ್ಲದಿದ್ದಾಗಲೂ, ಲಿಂಗ ಸರಿಪಡಿಸುವ ಹೆಸರಿನ ಶಸ್ತ್ರಚಿಕಿತ್ಸೆ ಮಾಡುವುದನ್ನು ನಿಷೇಧಿಸಬೇಕು. ಮದ್ರಾಸ್ ಹೈಕೋರ್ಟಿನ 2019ರ ಅರುಣ್ ಕುಮಾರ್ ತೀರ್ಪಿನ ಬಳಿಕ ತಮಿಳುನಾಡು ಅದೇ ವರ್ಷ ಇಂಥ ಆದೇಶ ಹೊರಡಿಸಿದೆ. ಬೇಕೆಂದ ವಯಸ್ಕರನ್ನು ವರ್ಷಗಟ್ಟಲೆ ಕಾಯಿಸಿ, ಕೇಳದ ಕೂಸಿಗೆ ಕತ್ತರಿ ಹಾಕುವ ಪದ್ಧತಿಯನ್ನು ಯಾವ ನ್ಯಾಯ ಸಮರ್ಥಿಸೀತು?

18 ತುಂಬದ ಟ್ರಾನ್ಸ್‌ಜೆಂಡರ್ ಮಕ್ಕಳ ಚಿಕಿತ್ಸೆ ಬೇರೆಯೇ ಪ್ರಶ್ನೆ. ಅದನ್ನು ಈ ಮನವಿಗೆ ಬೆರೆಸಿಲ್ಲ.

ಈ ಬೇಡಿಕೆಗಳ ಕುರಿತು ಚರ್ಚಿಸಲು ವೈದ್ಯಕೀಯ ಶಿಕ್ಷಣ ಇಲಾಖೆ ಹಾಗೂ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಅಧಿಕಾರಿಗಳನ್ನೂ ಒಳಗೊಂಡ ಸಭೆಯನ್ನು ಮೂವತ್ತು ದಿನಗಳೊಳಗೆ ಕರೆಯಬೇಕೆಂದು, ಒಪ್ಪಲಾಗದ ಬೇಡಿಕೆಗಳಿದ್ದಲ್ಲಿ ಕಾರಣಸಹಿತ ಲಿಖಿತ ಉತ್ತರ ನೀಡಬೇಕೆಂದು ಕೋರುತ್ತೇವೆ.


ತಮ್ಮ ವಿಶ್ವಾಸಿಗಳು,
(ಸಹಿ ಮತ್ತು ಹೆಬ್ಬೆಟ್ಟಿನ ಗುರುತುಗಳ ಹಾಳೆಗಳನ್ನು ಲಗತ್ತಿಸಿದೆ)

ಪ್ರತಿ: ಅಧ್ಯಕ್ಷರು, ಕರ್ನಾಟಕ ರಾಜ್ಯ ಮಾನವ ಹಕ್ಕುಗಳ ಆಯೋಗ, ಬೆಂಗಳೂರು.