ಕಲ್ಲು ಕೊರೆಯುವ ಮುನ್ನ

ಮಲಾಡ್‌ನಲ್ಲಿ ಹಳೆಯ ನಾಲ್ಕು ಮಹಡಿಯ ಸೊಸೈಟಿಗಳು ಒಂದೊಂದಾಗಿ ನೆಲಕ್ಕುರುಳಿ, ಅದೇ ಜಾಗದಲ್ಲಿ ಗೋಪುರಗಳು ಏಳುತ್ತಿವೆ. ವರ್ಷಗಟ್ಟಲೆ ಬಾಡಿಗೆ ಮನೆಯಲ್ಲಿ ಕಾದ ಕುಟುಂಬಕ್ಕೆ ಹೊಸ ಫ್ಲ್ಯಾಟಿನ ಕೀಲಿಕೈ ಸಿಕ್ಕ ವಾರದಲ್ಲೇ ಮಾಡ್ಯುಲರ್ ಕಿಚನ್ ಮಾಡುವವನು ಅಳತೆ ಟೇಪು ಹಿಡಿದು ಬರುತ್ತಾನೆ. ‘ಹಾಬ್ ಯಾವುದು, ಎಷ್ಟು ಬರ್ನರು? ಹೇಳಿಬಿಟ್ಟರೆ ಕಲ್ಲು ಕೊರೆಸಿಬಿಡುತ್ತೇನೆ’ ಎನ್ನುವುದು ಅವನ ಮೊದಲ ಮಾತು. ಉತ್ತರ ಹೆಚ್ಚಾಗಿ ಗಂಡನಿಂದಲೋ ಮಗನಿಂದಲೋ ಬರುತ್ತದೆ: ನಾಲ್ಕು ಬರ್ನರು, ಕಪ್ಪು ಗಾಜು, ಪಕ್ಕದ ಫ್ಲ್ಯಾಟಿನಲ್ಲಿ ಹಾಕಿಸಿದಂಥದ್ದೇ. ಆ ಒಲೆಯ ಮುಂದೆ ಇನ್ನು ಹದಿನೈದು ವರ್ಷ ನಿಲ್ಲಬೇಕಾದವಳು ಆ ಹೊತ್ತಿಗೆ ಬಾಡಿಗೆ ಮನೆಯಲ್ಲಿ ಮಧ್ಯಾಹ್ನದ ಅಡುಗೆ ಮುಗಿಸುತ್ತಿರುತ್ತಾಳೆ.

ಹಾಬ್ ಎಂದರೆ ಅಡುಗೆ ಕಟ್ಟೆಯ ಗ್ರಾನೈಟಿಗೆ ಕಂಡಿ ತೆಗೆದು ಅದರೊಳಗೆ ಕೂರಿಸುವ ಒಲೆ. ಮೇಲೆ ಕಾಣುವುದು ಗಾಜಿನ ಅಥವಾ ಸ್ಟೀಲಿನ ಹಲಗೆ ಮಾತ್ರ. ಕೊಳವೆ, ನಳಿಕೆ, ತಂತಿ ಎಲ್ಲವೂ ಕಟ್ಟೆಯ ಕೆಳಗೆ. ನೋಡಲು ಚೆಂದ, ಒರೆಸಲು ಸುಲಭ. ಆದರೆ ಕಂಡಿಯ ಅಳತೆ ಕಂಪನಿಯಿಂದ ಕಂಪನಿಗೆ, ಮಾದರಿಯಿಂದ ಮಾದರಿಗೆ ಬೇರೆ. ಒಮ್ಮೆ ಕೊರೆದ ಕಲ್ಲನ್ನು ಮತ್ತೆ ಕೂಡಿಸಲಾಗದು. ಹಾಗಾಗಿ ಹಾಬ್ ಕೊಳ್ಳುವುದೆಂದರೆ ಮುಂದಿನ ಒಲೆಯನ್ನೂ ಇಂದೇ ಅರ್ಧ ತೀರ್ಮಾನಿಸಿದಂತೆ. ಮುಂಬೈಯ ಬಹುಪಾಲು ಕನ್ನಡ ಮನೆಗಳಿಗೆ ಆ ತೀರ್ಮಾನ ಈಗ ಬೇಕಿಲ್ಲ. ಪೈಪ್ ಗ್ಯಾಸಿಗೆಂದೇ ಮಾಡಿದ, ಕಟ್ಟೆಯ ಮೇಲಿಡುವ ಮೂರು ಬರ್ನರಿನ ಒಲೆಯೊಂದು, ಅದರ ಪಕ್ಕ ಒಂದು ಇಂಡಕ್ಷನ್ ಒಲೆ: ಈ ಜೋಡಿ ಇವತ್ತಿನ ಮಟ್ಟಿಗೆ ಹೆಚ್ಚು ಸರಿಯಾದ ಆಯ್ಕೆ. ಯಾಕೆಂದು ತಿಳಿಯಲು ಷೋರೂಮಿಗಿಂತ ಮೊದಲು ಮನೆಯ ಪಾತ್ರೆಗಳ ಕಪಾಟು ತೆರೆಯಬೇಕು.

ಊರಿನಿಂದ ಮುಂಬೈಗೆ ಬಂದ ಕನ್ನಡಿಗರ ಒಲೆ ಹಲವು ಬಾರಿ ಬದಲಾಗಿದೆ. ಚಾಳಿನ ಒಂದು ಕೋಣೆಯ ಬಿಡಾರದಲ್ಲಿ ಪಂಪು ಹೊಡೆದು ಹೊತ್ತಿಸುವ ಸೀಮೆಎಣ್ಣೆ ಸ್ಟವ್ ಇತ್ತು. 1950ರ ದಶಕದ ನಡುವೆ ಬರ್ಮಾ ಷೆಲ್ ಕಂಪನಿ ಇದೇ ನಗರದಲ್ಲಿ ಅಡುಗೆ ಅನಿಲದ ಸಿಲಿಂಡರ್ ಮಾರಲು ಶುರುಮಾಡಿತು. 1995ರಲ್ಲಿ ಮಹಾನಗರ ಗ್ಯಾಸ್ ಸ್ಥಾಪನೆಯಾಗಿ, ನೈಸರ್ಗಿಕ ಅನಿಲ ಕೊಳವೆಯಲ್ಲಿ ಅಡುಗೆಮನೆಗೇ ಬರತೊಡಗಿತು. ಇಷ್ಟೆಲ್ಲ ಆದರೂ ಕಾವಲಿ ಬದಲಾಗಲಿಲ್ಲ. ತುಳುನಾಡಿನಿಂದ ಬಂದ ಮನೆಯಲ್ಲಿ ನೀರುದೋಸೆಗೆ ಕಬ್ಬಿಣದ ಕಾವಲಿ, ಮೀನಿನ ಸಾರಿಗೆ ಮಣ್ಣಿನ ಮಡಕೆ, ಪತ್ರೊಡೆಗೂ ಕಡುಬಿಗೂ ಎತ್ತರದ ಹಬೆಪಾತ್ರೆ, ಕುಚ್ಚಲಕ್ಕಿಗೆ ದೊಡ್ಡ ತಪ್ಪಲೆ ಇಂದಿಗೂ ಇವೆ. ಕಲಬುರಗಿ, ವಿಜಯಪುರದ ಕಡೆಯ ಮನೆಯಲ್ಲಿ ರೊಟ್ಟಿಯ ಹಂಚು ಇದೆ. ಒಲೆಯನ್ನು ಆರಿಸಬೇಕಾದದ್ದು ಈ ಪಾತ್ರೆಗಳ ಲೆಕ್ಕದಲ್ಲಿ.

ಜೋಳದ ರೊಟ್ಟಿಯನ್ನೇ ನೋಡಿ. ತಟ್ಟಿದ ರೊಟ್ಟಿ ಹಂಚಿನ ಮೇಲೆ ಬೀಳುತ್ತದೆ, ಒದ್ದೆ ಬಟ್ಟೆಯಿಂದ ನೀರು ಸವರುತ್ತಾರೆ, ಮಗುಚುತ್ತಾರೆ, ಕೊನೆಗೆ ನೇರ ಉರಿಗೆ ಹಿಡಿದು ಉಬ್ಬಿಸುತ್ತಾರೆ. ಆ ಕೊನೆಯ ಹೆಜ್ಜೆಗೆ ಜ್ವಾಲೆಯೇ ಬೇಕು. ಇಂಡಕ್ಷನ್ ಒಲೆಯಲ್ಲಿ ಜ್ವಾಲೆ ಇಲ್ಲ. ಗಾಜಿನ ಕೆಳಗಿನ ತಂತಿಸುರುಳಿ ಹುಟ್ಟಿಸುವ ಬದಲಾಗುವ ಕಾಂತಕ್ಷೇತ್ರ ಪಾತ್ರೆಯ ತಳದಲ್ಲೇ ವಿದ್ಯುತ್ ಸುಳಿಗಳನ್ನೆಬ್ಬಿಸಿ ಅದನ್ನು ಕಾಯಿಸುತ್ತದೆ. ಅದಕ್ಕೆ ತಳ ಕಬ್ಬಿಣದ್ದೋ ಆಯಸ್ಕಾಂತ ಹಿಡಿಯುವ ಸ್ಟೀಲಿನದ್ದೋ ಆಗಿರಬೇಕು. ಮಣ್ಣಿನ ಮಡಕೆ, ತಾಮ್ರದ ಚೆರಿಗೆ, ಬರಿಯ ಅಲ್ಯೂಮಿನಿಯಂ ಕುಕ್ಕರು ಅದರ ಮೇಲೆ ತಣ್ಣಗೇ ಕೂತಿರುತ್ತವೆ. ಕಬ್ಬಿಣದ ಕಾವಲಿ ಕಾಯುತ್ತದೆ ನಿಜ. ಆದರೆ ಅದರ ತಳ ಸ್ವಲ್ಪ ಉಬ್ಬಿದ್ದರೂ, ಕಾವಲಿ ಸುರುಳಿಗಿಂತ ಅಗಲವಿದ್ದರೂ, ದೋಸೆ ನಡುವೆ ಕಂದಿ ಅಂಚಿನಲ್ಲಿ ಹಸಿಯಾಗಿ ಉಳಿಯುತ್ತದೆ.

ಹಾಗೆಂದು ಇಂಡಕ್ಷನ್ ಒಲೆಯನ್ನು ಬದಿಗೆ ತಳ್ಳುವಂತಿಲ್ಲ. ನೀರು ಕುದಿಸಲು, ಹಾಲು ಕಾಯಿಸಲು, ಹಬೆಯಲ್ಲಿ ಬೇಯಿಸಲು, ಕುಚ್ಚಲಕ್ಕಿಯನ್ನು ಮುಕ್ಕಾಲು ಗಂಟೆ ಒಂದೇ ಹದದಲ್ಲಿ ಕುದಿಸಿಡಲು ಅದರಷ್ಟು ಅನುಕೂಲದ್ದು ಇನ್ನೊಂದಿಲ್ಲ. ಟೈಮರ್ ಇಟ್ಟು ಸ್ನಾನಕ್ಕೆ ಹೋಗಬಹುದು. ಲೋಕಲ್ ರೈಲಿನ ಹೊತ್ತಿಗೆ ಡಬ್ಬಿ ಕಟ್ಟುವ ಮನೆಗೆ ಇದು ಸಣ್ಣ ಸಹಾಯವಲ್ಲ. ಕೊಟ್ಟ ಶಕ್ತಿಯಲ್ಲಿ ಸುಮಾರು ಶೇ 85ರಷ್ಟು ಪಾತ್ರೆಗೇ ಹೋಗುವುದರಿಂದ ಅಡುಗೆಮನೆ ಮೇ ತಿಂಗಳ ಸೆಕೆಯಲ್ಲೂ ಅಷ್ಟು ಕುದಿಯುವುದಿಲ್ಲ. ಸರ್ಕಾರವೂ ಇದರ ಬೆನ್ನಿಗಿದೆ: 20 ಲಕ್ಷ ಇಂಡಕ್ಷನ್ ಒಲೆಗಳನ್ನು ಮನೆಗಳಿಗೆ ತಲುಪಿಸುವ ರಾಷ್ಟ್ರೀಯ ಕಾರ್ಯಕ್ರಮ 2023ರ ನವೆಂಬರ್‌ನಲ್ಲಿ ಘೋಷಣೆಯಾಯಿತು.

ಖರ್ಚಿನ ಲೆಕ್ಕ ಪ್ರತಿ ಮನೆಯೂ ತಾನೇ ಮಾಡಿಕೊಳ್ಳಬಹುದು. ಒಂದು ಘನ ಮೀಟರ್ ಪೈಪ್ ಗ್ಯಾಸಿನಲ್ಲಿ ಹತ್ತು ಯೂನಿಟ್ ವಿದ್ಯುತ್ತಿನಷ್ಟು ಶಾಖವಿದೆ. ಒಲೆಯಲ್ಲಿ ಅದರ ಅರ್ಧದಷ್ಟೇ ಪಾತ್ರೆಗೆ ಸೇರುತ್ತದೆ. ಅದೇ ಕೆಲಸಕ್ಕೆ ಇಂಡಕ್ಷನ್ ಒಲೆ ಸುಮಾರು 6 ಯೂನಿಟ್ ತಿನ್ನುತ್ತದೆ. ಅಂದರೆ ವಿದ್ಯುತ್ ಬಿಲ್ಲಿನ ಒಂದು ಯೂನಿಟ್ ದರವನ್ನು ಆರರಿಂದ ಗುಣಿಸಿ, ಗ್ಯಾಸ್ ಬಿಲ್ಲಿನ ಒಂದು ಘನ ಮೀಟರ್ ದರದ ಪಕ್ಕ ಇಟ್ಟು ನೋಡಿದರಾಯಿತು. ಇಲ್ಲೊಂದು ಎಚ್ಚರಿಕೆ ಬೇಕು. ಮುಂಬೈಯಲ್ಲಿ ಗೃಹಬಳಕೆಯ ವಿದ್ಯುತ್ ದರ 100, 300, 500 ಯೂನಿಟ್‌ಗಳ ಮೆಟ್ಟಿಲು ಹತ್ತುತ್ತ ಏರುತ್ತದೆ. ಇಡೀ ಅಡುಗೆ ವಿದ್ಯುತ್ತಿಗೆ ಬಂದರೆ ಬೇಸಿಗೆಯಲ್ಲಿ ಎ.ಸಿ.ಯ ಜೊತೆ ಸೇರಿ ಅದು ಮೇಲಿನ ಮೆಟ್ಟಿಲಿಗೇ ಹೋಗಿ ಕೂರುತ್ತದೆ. ಗುಣಿಸಬೇಕಾದದ್ದು ಆ ಮೇಲಿನ ಮೆಟ್ಟಿಲಿನ ದರದಿಂದ.

ತಂತಿಯ ಪ್ರಶ್ನೆಯೂ ಇದೆ. ಕಟ್ಟೆಯ ಮೇಲಿಡುವ 2000 ವಾಟ್‌ನ ಒಂದು ಒಲೆ ಒಂಬತ್ತು ಆಂಪಿಯರ್ ಹತ್ತಿರ ಎಳೆಯುತ್ತದೆ. ಅದಕ್ಕೆ ಮಿಕ್ಸಿಯ 6 ಆಂಪಿಯರ್ ಸಾಕೆಟ್ ಸಾಲದು, 16 ಆಂಪಿಯರಿನದು ಬೇಕು. ನಾಲ್ಕು ವಲಯದ ಇಂಡಕ್ಷನ್ ಹಾಬ್ 7000 ವಾಟ್ ಮುಟ್ಟಬಹುದು. ಅದಕ್ಕೆ ಮುಖ್ಯ ಪೆಟ್ಟಿಗೆಯಿಂದಲೇ ಪ್ರತ್ಯೇಕ ದಪ್ಪ ತಂತಿ, ಪ್ರತ್ಯೇಕ ಬ್ರೇಕರ್, ಕೆಲವೊಮ್ಮೆ ಮಂಜೂರಾದ ಲೋಡ್ ಹೆಚ್ಚಿಸಿಕೊಳ್ಳುವುದೂ ಅಗತ್ಯ. ಗೋಡೆಗೆ ಟೈಲ್ಸ್ ಅಂಟಿಸುವ ಮೊದಲೇ ಈ ತಂತಿ ಎಳೆಸಿಟ್ಟರೆ ಖರ್ಚು ಕಡಿಮೆ. ಈಗ ಹಾಬ್ ಬೇಡವೆಂದವರೂ ಈ ತಂತಿಯೊಂದನ್ನು ಎಳೆಸಿಟ್ಟರೆ ಮುಂದಿನ ದಾರಿ ತೆರೆದೇ ಇರುತ್ತದೆ. ಇಂದಿನ ಮಟ್ಟಿಗೆ ಒಂದೇ ಇಂಧನವನ್ನು ನಂಬಿ ಕೂರದಿರಲು ನಗರದ ನೆನಪೇ ಸಾಕು: 2005ರ ಜುಲೈ 26ರ ಮಹಾಮಳೆಯ ನಂತರ ಉಪನಗರಗಳ ಹಲವೆಡೆ ದಿನಗಟ್ಟಲೆ ಕರೆಂಟ್ ಇರಲಿಲ್ಲ, 2020ರ ಅಕ್ಟೋಬರ್ 12ರ ಬೆಳಿಗ್ಗೆ ಇಡೀ ಮುಂಬೈ ಗಂಟೆಗಟ್ಟಲೆ ಸ್ತಬ್ಧವಾಯಿತು.

ಇನ್ನು ಗ್ಯಾಸ್ ಒಲೆ. ಇಲ್ಲಿ ಹೆಚ್ಚಿನವರು ಎಡವುವುದು ಬರ್ನರಿನ ಸಂಖ್ಯೆಯಲ್ಲೋ ಗಾಜಿನ ಬಣ್ಣದಲ್ಲೋ ಅಲ್ಲ, ನಳಿಕೆಯಲ್ಲಿ. ಸಿಲಿಂಡರಿನ ಅನಿಲ ಮತ್ತು ಕೊಳವೆಯ ಅನಿಲ ಬೇರೆ ಬೇರೆ. ಸಿಲಿಂಡರಿನದು ಹೆಚ್ಚು ಒತ್ತಡದಲ್ಲಿ ಬರುತ್ತದೆ, ಅದೇ ಗಾತ್ರದಲ್ಲಿ ಎರಡೂವರೆ ಪಟ್ಟು ಶಾಖ ಕೊಡುತ್ತದೆ. ಅದಕ್ಕೆ ನಳಿಕೆಯ ರಂಧ್ರ ಸಣ್ಣದು. ಪೈಪ್ ಗ್ಯಾಸಿಗೆ ರಂಧ್ರ ದೊಡ್ಡದಿರಬೇಕು. ಮಲಾಡ್‌ಗೆ ಕೊಳವೆ ಬಂದಾಗ ಬಹಳ ಮನೆಗಳಲ್ಲಿ ಸಿಲಿಂಡರಿನ ಒಲೆಗೇ ನಳಿಕೆ ಬದಲಿಸಿ ಕೆಲಸ ಸಾಗಿಸಲಾಯಿತು. ಉರಿ ಬರುತ್ತದೆ, ಆದರೆ ಬರ್ನರಿನ ತಲೆ ಬೇರೆ ಅನಿಲಕ್ಕೆಂದು ಮಾಡಿದ್ದು. ಇಂಥ ಮಾರ್ಪಡಿಸಿದ ಒಲೆಗಳ ದಕ್ಷತೆ ಶೇ 40ರ ಆಸುಪಾಸಿನಲ್ಲಿದ್ದರೆ ಪೈಪ್ ಗ್ಯಾಸಿಗೆಂದೇ ರೂಪಿಸಿದ ಒಲೆ ಶೇ 55 ಮುಟ್ಟುತ್ತದೆ ಎಂದು ಕೇಂದ್ರದ ಪೆಟ್ರೋಲಿಯಂ ಸಂರಕ್ಷಣಾ ಸಂಶೋಧನಾ ಸಂಘ ಹೇಳುತ್ತ ಬಂದಿದೆ. ಆ ವ್ಯತ್ಯಾಸ ತಿಂಗಳ ಬಿಲ್ಲಿನಲ್ಲೂ ಬೆಳಗಿನ ಸಮಯದಲ್ಲೂ ಕಾಣುತ್ತದೆ. ಹಾಬ್ ಇರಲಿ, ಸಾಮಾನ್ಯ ಒಲೆ ಇರಲಿ, ಅಂಗಡಿಯಲ್ಲಿ ಕೇಳಬೇಕಾದ ಮೊದಲ ಪ್ರಶ್ನೆ: ಇದು ಯಾವ ಗ್ಯಾಸಿಗೆ ಮಾಡಿದ್ದು?

ಈ ಪ್ರಶ್ನೆಗೆ ಮುಂಬೈ ಕನ್ನಡಿಗರ ಬದುಕಿನಲ್ಲಿ ಇನ್ನೊಂದು ಮುಖವಿದೆ. ನಿವೃತ್ತಿಯ ನಂತರ ಊರಿನ ಮನೆಗೆ ಮರಳುವವರು ಸಾಮಾನಿನ ಜೊತೆ ಒಲೆಯನ್ನೂ ಲಾರಿಗೆ ಹಾಕಿಸುತ್ತಾರೆ. ಊರಿನಲ್ಲಿ 14.2 ಕಿಲೋ ಸಿಲಿಂಡರ್. ಪೈಪ್ ಗ್ಯಾಸಿನ ದೊಡ್ಡ ರಂಧ್ರದ ಒಲೆಗೆ ಅದನ್ನು ಹಾಗೆಯೇ ಜೋಡಿಸಿದರೆ ಜ್ವಾಲೆ ಹಳದಿಯಾಗಿ ಮೊಣಕೈ ಎತ್ತರಕ್ಕೆ ಏಳಬಹುದು. ಸೋರಿದಾಗಲೂ ಎರಡರ ನಡತೆ ಬೇರೆ: ಪೈಪ್ ಗ್ಯಾಸ್ ಗಾಳಿಗಿಂತ ಹಗುರ, ಚಾವಣಿಯತ್ತ ಏರುತ್ತದೆ, ಸಿಲಿಂಡರಿನದು ಭಾರ, ನೆಲದ ಮೇಲೆ ಹರಡಿ ಕಟ್ಟೆಯ ಕೆಳಗಿನ ಮುಚ್ಚಿದ ಕಪಾಟಿನಲ್ಲಿ ನಿಲ್ಲುತ್ತದೆ. ಹಾಬಿನ ಜೋಡಣೆಯೆಲ್ಲ ಇರುವುದು ಅಂಥ ಕಪಾಟಿನೊಳಗೇ.

ಹಾಬಿನ ಪರವಾಗಿ ಹೇಳಬೇಕಾದ ಗಟ್ಟಿ ಮಾತೂ ಒಂದಿದೆ, ಅದು ಎತ್ತರದ್ದು. ಮಾಡ್ಯುಲರ್ ಕಟ್ಟೆ ಸಾಮಾನ್ಯವಾಗಿ 34 ಇಂಚು. ಅದರ ಮೇಲೆ ಐದಾರು ಇಂಚಿನ ಒಲೆ, ಒಲೆಯ ಮೇಲೆ ಹಬೆಪಾತ್ರೆ. ಐದಡಿಯ ಹೆಂಗಸಿಗೆ ಮುಚ್ಚಳ ಗಲ್ಲದ ಮಟ್ಟಕ್ಕೆ ಬರುತ್ತದೆ, ತೆಗೆದಾಗ ಹಬೆ ನೇರ ಮುಖಕ್ಕೆ. ಭುಜದ ನೋವು ಹೆಚ್ಚುವುದು ಇಲ್ಲಿಯೇ. ಹಾಬ್ ಈ ಎತ್ತರವನ್ನು ಮೂರ್ನಾಲ್ಕು ಇಂಚು ತಗ್ಗಿಸುತ್ತದೆ. ಆದರೆ ಅದೇ ಲಾಭಕ್ಕೆ ಅಗ್ಗದ ದಾರಿಯಿದೆ: ಒಲೆ ಇಡುವ ಮೂರಡಿ ಜಾಗದಲ್ಲಿ ಕಟ್ಟೆಯನ್ನೇ ನಾಲ್ಕೈದು ಇಂಚು ಇಳಿಸಿ ಕಟ್ಟಿಸುವುದು. ಊರಿನ ಮೇಸ್ತ್ರಿಗಳು ಇದನ್ನು ಕೇಳದೆಯೇ ಮಾಡುತ್ತಿದ್ದರು. ಅಳತೆ ತೆಗೆಯುವ ದಿನ ಅಡುಗೆ ಮಾಡುವವಳನ್ನು ಕಟ್ಟೆಯ ಮುಂದೆ ನಿಲ್ಲಿಸಿ, ಮೊಣಕೈ ಮಟ್ಟ ನೋಡಿದರೆ ಸಾಕು. ಆ ಐದು ನಿಮಿಷವನ್ನು ಯಾರೂ ಕೊಡುವುದಿಲ್ಲ.

ಗಾಜಿನ ವಿಷಯದಲ್ಲೂ ಪ್ರಾಮಾಣಿಕವಾಗಿರಬೇಕು. ಹದಗೊಳಿಸಿದ ಗಾಜು ಸುಲಭಕ್ಕೆ ಒಡೆಯದು, ಒಡೆದರೆ ಸಣ್ಣ ಚೂರುಗಳಾಗುತ್ತದೆ. ಆದರೆ ಕಬ್ಬಿಣದ ಕಾವಲಿ ಕೈಜಾರಿ ಬೀಳುವ, ಬರ್ನರಿಗಿಂತ ತುಂಬ ಅಗಲದ ತಪ್ಪಲೆಯ ಬಿಸಿ ಗಂಟೆಗಟ್ಟಲೆ ಕೆಳಕ್ಕೆ ಹೊಡೆಯುವ ಮನೆಗೆ ಸ್ಟೀಲಿನ ಮೈಯೇ ಹೊಂದುತ್ತದೆ. 60 ಸೆಂಟಿಮೀಟರಿನ ಹಾಬಿನಲ್ಲಿ ನಾಲ್ಕು ಬರ್ನರುಗಳೇನೋ ಇರುತ್ತವೆ. ಎರಡು ದೊಡ್ಡ ಪಾತ್ರೆ ಇಟ್ಟರೆ ಉಳಿದೆರಡು ಅವುಗಳ ಅಂಚಿನಡಿ ಸೇರಿಹೋಗುತ್ತವೆ. ಅಗಲವಾಗಿ ಹರಡಿದ ಮೂರು ಬರ್ನರು ಇಕ್ಕಟ್ಟಾದ ನಾಲ್ಕಕ್ಕಿಂತ ಮೇಲು. ಹಣವಿದ್ದರೆ ಅದನ್ನು ಹಾಕಬೇಕಾದದ್ದು ಜ್ವಾಲೆ ಆರಿದಾಗ ಗ್ಯಾಸನ್ನು ತಾನೇ ನಿಲ್ಲಿಸುವ ಸುರಕ್ಷಾ ಸಾಧನಕ್ಕೆ. ಹಾಲು ಉಕ್ಕಿ ಒಲೆ ಆರಿದ್ದು ತಿಳಿಯದ ವಯಸ್ಸಾದವರು ಒಂಟಿಯಾಗಿರುವ ಮನೆಗೆ ಅದು ಅತ್ಯಗತ್ಯ. ಆ ಸಾಧನ ಹಾಬಿನಲ್ಲಷ್ಟೇ ಸಿಕ್ಕರೆ, ಅಂಥ ಮನೆಯವರು ಹಾಬ್ ಕೊಳ್ಳುವುದೇ ಸರಿ.

ಉಳಿದ ಹಣ ಗಾಳಿಗೆ ಹೋಗಬೇಕು. ಯಾವ ಗ್ಯಾಸ್ ಉರಿದರೂ ನೈಟ್ರೋಜನ್ ಡೈಆಕ್ಸೈಡ್ ಹುಟ್ಟುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಅದರ ವಾರ್ಷಿಕ ಮಿತಿಯನ್ನು ಒಂದು ಘನ ಮೀಟರಿಗೆ 40 ಮೈಕ್ರೊಗ್ರಾಂನಿಂದ 10ಕ್ಕೆ ಇಳಿಸಿತು. ಅಡುಗೆಮನೆಯ ಡ್ರೈ ಬಾಲ್ಕನಿಯನ್ನು ಮುಚ್ಚಿ ವಾಷಿಂಗ್ ಮೆಷಿನ್ ಇಟ್ಟ ಮಲಾಡ್‌ನ ಫ್ಲ್ಯಾಟಿನಲ್ಲಿ ಆ ಗಾಳಿಗೆ ಹೊರದಾರಿಯಿಲ್ಲ. ಹಾಬಿನ ಜೋಡಿಯೆಂದು ಮಾರುವ ಚಿಮಣಿಗಳಲ್ಲಿ ಕೊಳವೆಯಿಲ್ಲದ ಬಗೆಯದು ಎಣ್ಣೆಹೊಗೆಯನ್ನು ಸೋಸಿ ಬಿಸಿಗಾಳಿಯನ್ನು ಮತ್ತೆ ಕೋಣೆಗೇ ಬಿಡುತ್ತದೆ. ಹೊರಗೋಡೆಗೆ ತೂತು ಬೇಡವೆಂದು ಸೊಸೈಟಿ ಹೇಳಿದರೆ, ಕಿಟಕಿಯ ಒಂದು ಗಾಜಿನ ಜಾಗದಲ್ಲಿ ಕೂರಿಸಿದ ಸಾದಾ ಎಕ್ಸಾಸ್ಟ್ ಫ್ಯಾನು ಆ ದುಬಾರಿ ಚಿಮಣಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ನೀರು, ಹಾಲು, ಅನ್ನ ಇಂಡಕ್ಷನ್ನಿಗೆ ಹೋದರೆ ಉರಿಯುವ ಗ್ಯಾಸೇ ಅರ್ಧಕ್ಕಿಳಿಯುತ್ತದೆ.

ಮನೆಯ ಪಾತ್ರೆಯೆಲ್ಲ ಸಪಾಟು ಸ್ಟೀಲಿನದ್ದಾಗಿದ್ದು, ರೊಟ್ಟಿ ಪ್ಯಾಕೆಟ್ಟಿನಲ್ಲಿ ಬರುವ, ಇಬ್ಬರೂ ಹೊರಗೆ ದುಡಿಯುವ ಕಿರಿಯರ ಮನೆಗೆ ಇಂಡಕ್ಷನ್ ಹಾಬ್ ಚೆನ್ನಾಗಿಯೇ ಒಗ್ಗಬಹುದು. ಅವರೂ ಹೊಸ ಮನೆಗೆ ಹೋದೊಡನೆ ಕೊರೆಸಬೇಕಾಗಿಲ್ಲ. ಕಲ್ಲನ್ನು ಇಡಿಯಾಗಿ ಹಾಸಿಸಿ, ಒಂದು ತಿಂಗಳು ಕಟ್ಟೆಯ ಮೇಲಿನ ಒಲೆಯಲ್ಲಿ ಅಡುಗೆ ಮಾಡಲಿ. ಯಾವ ಪಾತ್ರೆ ಯಾವ ಒಲೆಗೆ ಹೋಯಿತು, ಎಷ್ಟು ಬರ್ನರು ಒಟ್ಟಿಗೆ ಉರಿದವು, ಭುಜ ಎಲ್ಲಿ ನೋಯಿತು ಎನ್ನುವುದು ಆ ತಿಂಗಳಲ್ಲಿ ಗೊತ್ತಾಗುತ್ತದೆ. ಆಮೇಲೂ ಹಾಬ್ ಬೇಕೆನಿಸಿದರೆ ಕಲ್ಲು ಕೊರೆಯುವವನು ಫೋನ್ ಮಾಡಿದರೆ ಬರುತ್ತಾನೆ. ಒಂದು ದಿನದ ಧೂಳು, ಅಷ್ಟೆ. ಆಗ ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದವಳು ಒಲೆಯ ಮುಂದೆ ನಿಲ್ಲುವವಳು.